ಆಗಸ್ಟ್ 15ರ ಜಗಳ

ಹುಬ್ಬಳ್ಳಿ
ಆಗಸ್ಟ್ 19

ಚಿ. ಸೌ. ಪುಟ್ಟವ್ವನಿಗೆ ನಿನ್ನ ದೊಡ್ಡವ್ವನ ಆಶೀರ್ವಾದಗಳು. ಇಲ್ಲಿ ನಾನೂ ನಿಮ್ಮ ದೊಡ್ಡಪ್ಪನೂ ಕ್ಷೇಮ. ಮಳೆ ಹಿಡಿದು ಕೂತಿದೆ, ಹಿತ್ತಲಿಗೆ ಕಾಲಿಡಲು ಆಗುತ್ತಿಲ್ಲ.

ಮೊನ್ನೆ ನೀನು ಫೋನಿನಲ್ಲಿ ಅಳುತ್ತ ಮಾತಾಡಿದಾಗ ನಾನು ಜಾಸ್ತಿ ಏನೂ ಹೇಳಲಿಲ್ಲ. ಅಳುವಾಗ ಯಾರ ಮಾತೂ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದಿ ಅಳಿಯಂದಿರಿಗೂ ಕೊಡು. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ನಿನಗೆ 14ರ ರಾತ್ರಿ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ. ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದರೆ ಅಳಿಯಂದಿರು ಬಿಳಿ ಜುಬ್ಬಾ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಎಂಟೂವರೆಗೆ ಅಪಾರ್ಟ್‌ಮೆಂಟಿನ ಕೆಳಗೆ ಧ್ವಜಾರೋಹಣ, ಇಬ್ಬರೂ ಹೋಗೋಣ ಅಂದರು. ನೀನು ಮಲಗುತ್ತೇನೆ ಅಂದೆ. "ವರ್ಷಕ್ಕೊಂದು ದಿನ ಹತ್ತು ನಿಮಿಷ ನಿಲ್ಲೋಕಾಗಲ್ವಾ? ದೇಶ ಅಂದ್ರೆ ನಿನಗೇನೂ ಅನ್ಸಲ್ವಾ?" ಅಂತ ಅವರು ಕೇಳಿದರು. ನೀನೂ ಸುಮ್ಮನಿರಲಿಲ್ಲ. "ನಿಮ್ಮದು ಬರೀ ಸ್ಟೇಟಸ್‌ಗೆ ಹಾಕೋ ದೇಶಭಕ್ತಿ" ಅಂದುಬಿಟ್ಟೆ. ಅಲ್ಲಿಂದ ಮಾತಿಲ್ಲ.

ಇದೇ ಜಗಳ ನಮ್ಮ ಮನೆಯಲ್ಲೂ ಆಗಿತ್ತು ಪುಟ್ಟವ್ವ. ಆಗ ಅಳಿಯಂದಿರ ಜಾಗದಲ್ಲಿ ನಾನಿದ್ದೆ.

ನಾನು ಬೆಂಗೇರಿಯ ಖಾದಿ ಸಂಘದ ಧ್ವಜ ಘಟಕಕ್ಕೆ ಹೊಲಿಗೆಗೆ ಸೇರಿದ್ದು 2006ರಲ್ಲಿ. ಹನ್ನೆರಡು ವರ್ಷ ಅಲ್ಲೇ ಕೂತು ಬಾವುಟ ಹೊಲಿದೆ. ನೀನು ಚಿಕ್ಕವಳಿದ್ದಾಗ ಒಮ್ಮೆ ಬಂದು ನೋಡಿದ್ದೆ, ನೆನಪಿದೆಯಾ? ಮೂರು ಬಣ್ಣದ ಪಟ್ಟಿಗಳ ಅಗಲ ಒಂದೇ ಇರಬೇಕು. ಉದ್ದ ಮೂರಿದ್ದರೆ ಅಗಲ ಎರಡು. ಚಕ್ರಕ್ಕೆ 24 ಕಡ್ಡಿ. ಬಟ್ಟೆಯ ಈ ಕಡೆಯ ಚಕ್ರ, ಆ ಕಡೆಯ ಚಕ್ರ ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ಕಾರಿನ ಮುಂದೆ ಕಟ್ಟುವ ಗೇಣುದ್ದದ ಬಾವುಟದಿಂದ ಹಿಡಿದು 21 ಅಡಿ ಉದ್ದ, 14 ಅಡಿ ಅಗಲದ್ದರ ತನಕ ಎಲ್ಲದಕ್ಕೂ ಅಳತೆ ಗೊತ್ತುಮಾಡಿದೆ. ಅಳತೆ ತಪ್ಪಿದರೆ ತಪಾಸಣೆಯಲ್ಲಿ ಪಕ್ಕಕ್ಕೆ ಇಡುತ್ತಾರೆ. ನನ್ನ ಕೈಯದು ಹಾಗೆ ಪಕ್ಕಕ್ಕೆ ಹೋದ ದಿನ ಊಟ ಸೇರುತ್ತಿರಲಿಲ್ಲ. ದೊಡ್ಡ ದೊಡ್ಡ ಕಟ್ಟಡಗಳ ಮೇಲೆ ಹಾರುವುದು ನಮ್ಮಂಥ ಹೆಣ್ಣುಮಕ್ಕಳ ಹೊಲಿಗೆ ಅನ್ನುವ ಹೆಮ್ಮೆ ನನಗೆ ಬಹಳ ಇತ್ತು. ಈಗಲೂ ಇದೆ.

ನಿಮ್ಮ ದೊಡ್ಡಪ್ಪ ಗೂಡ್ಸ್ ಗಾಡಿಯ ಗಾರ್ಡ್. ಈಗ ಆ ಕೆಲಸಕ್ಕೆ ಟ್ರೇನ್ ಮ್ಯಾನೇಜರ್ ಅಂತ ಹೆಸರಿಟ್ಟಿದ್ದಾರೆ. ಅವರ ಕೈಯಲ್ಲೂ ಬಾವುಟ ಇರುತ್ತಿತ್ತು, ಒಂದು ಹಸಿರು, ಒಂದು ಕೆಂಪು. ರೈಲಿಗೆ ರಜೆ ಇಲ್ಲ, ಹಾಗಾಗಿ ಅವರಿಗೂ ಆಗಸ್ಟ್ 15 ಅಂತ ಬೇರೆ ಇರಲಿಲ್ಲ.

2008ರ ಆಗಸ್ಟ್ 15. ಘಟಕದಲ್ಲಿ ಧ್ವಜ ಹಾರಿಸುವಾಗ ಮನೆಯವರನ್ನೂ ಕರೆದುಕೊಂಡು ಬನ್ನಿ ಅಂದಿದ್ದರು. ನಾನು ಹೊಸ ಸೀರೆ ಉಟ್ಟು ಕಾಯುತ್ತಿದ್ದೆ. ಇವರು ಏಳಕ್ಕೆ ಬಂದರು. ಕೈಕಾಲು ತೊಳೆದು ಚಾಪೆ ಹಾಸಿಕೊಂಡು ಮಲಗಿಬಿಟ್ಟರು. ಎಬ್ಬಿಸಿದೆ, ಏಳಲಿಲ್ಲ. ಮತ್ತೆ ಎಬ್ಬಿಸಿದೆ. "ನೀ ಹೋಗಿ ಬಾ" ಅಂದರು. ನನಗೆ ಸಿಟ್ಟು ನೆತ್ತಿಗೇರಿತು. "ನಾನು ಹೊಲಿದ ಬಾವುಟಕ್ಕೆ ಲೋಕವೆಲ್ಲ ಎದ್ದು ನಿಲ್ಲುತ್ತದೆ. ನಿಮಗೆ ಮಾತ್ರ ನಿಲ್ಲೋಕೆ ಆಗೋದಿಲ್ಲ. ಸರ್ಕಾರದ ಅನ್ನ ತಿಂತೀರಿ, ದೇಶ ಬೇಡ" ಅಂದೆ. ಅವರು ಆ ಕಡೆ ಹೊರಳಿದರು. ನಾನು ಒಬ್ಬಳೇ ಹೋಗಿ ಬಂದೆ. ಎರಡು ದಿನ ನನ್ನ ಜೊತೆ ಅವರು ಮಾತಾಡಲಿಲ್ಲ.

ಮೂರನೇ ದಿನ ಡ್ಯೂಟಿಗೆ ಡಬ್ಬಿ ಕಟ್ಟುವಾಗ ಅವರ ಬೂಟು ನೋಡಿದೆ. ಇನ್ನೂ ಒಣಗಿರಲಿಲ್ಲ. ಆಗ ಕೇಳಿದೆ, ಅವತ್ತು ಎಲ್ಲಿದ್ದಿರಿ ಅಂತ. ಗೋವಾ ದಾರಿಯಲ್ಲಿ ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗೆ ಘಟ್ಟ. ಸುಮಾರು 26 ಕಿಲೊಮೀಟರ್. 37 ಅಡಿ ಹೋದರೆ ಒಂದು ಅಡಿ ಏರು. ಮಳೆಗಾಲದಲ್ಲಿ ಮಣ್ಣು ಕುಸಿಯುತ್ತದೆ, ಮರ ಬೀಳುತ್ತದೆ. ಅವತ್ತು ರಾತ್ರಿ ಕಲ್ಲಿದ್ದಲಿನ ಗಾಡಿ ಘಟ್ಟದ ಮಧ್ಯೆ ನಿಂತುಬಿಟ್ಟಿತ್ತು. ಇವರು ಕೈದೀಪ ಹಿಡಿದು, ಆ ಮಳೆಯಲ್ಲಿ, ಒಂದೊಂದೇ ವ್ಯಾಗನ್ ನೋಡುತ್ತ ಗಾಡಿಯ ಉದ್ದಕ್ಕೂ ನಡೆದಿದ್ದರು. ಇತ್ತ ಹಳಿ, ಅತ್ತ ಕಣಿವೆ. ಇದನ್ನೆಲ್ಲ ಅವರು ಹೇಳಿದ್ದು ನಾಲ್ಕೇ ಮಾತಿನಲ್ಲಿ. ನಾನು ಡಬ್ಬಿ ಹಿಡಿದುಕೊಂಡೇ ಕೂತೆ. ಗಂಡ ರಾತ್ರಿಯೆಲ್ಲ ಎಲ್ಲಿದ್ದ ಅಂತ ಕೇಳದೆ, ದೇಶ ಬೇಡ ಅಂದಿದ್ದೆನಲ್ಲ. ಆ ಮಾತು ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ.

ಪುಟ್ಟವ್ವ, ನೀನು ಆ ರಾತ್ರಿ ವಾರ್ಡಿನಲ್ಲಿ ಎಷ್ಟು ಜನರ ಬಳಿ ಎದ್ದು ಓಡಾಡಿದ್ದೆಯೋ ನನಗೆ ಗೊತ್ತಿಲ್ಲ. ಅಳಿಯಂದಿರಿಗೂ ಗೊತ್ತಿಲ್ಲ, ಯಾಕೆಂದರೆ ನೀನು ಹೇಳಿಲ್ಲ. ನಿಮ್ಮ ದೊಡ್ಡಪ್ಪನದೂ ಇದೇ ತಪ್ಪು. ಹೇಳಿದ್ದರೆ ನಾನು ಅಷ್ಟು ಮಾತಾಡುತ್ತಿರಲಿಲ್ಲ. ದಣಿದು ಬಂದವರು ದಣಿದಿದ್ದೇನೆ ಅಂತ ಬಾಯಿಬಿಟ್ಟು ಹೇಳಬೇಕು.

ಇನ್ನು ಅಳಿಯಂದಿರ ವಿಷಯ. ಅವರದು ಬರೀ ಸ್ಟೇಟಸ್ ಅಂದೆಯಲ್ಲ, ಅದು ನನಗೆ ಸರಿ ಕಾಣಲಿಲ್ಲ. ನಿಮ್ಮ ಮದುವೆಯಲ್ಲಿ ಅವರ ಅಜ್ಜಿಯ ಜೊತೆ ನಾನು ಬಹಳ ಹೊತ್ತು ಕೂತಿದ್ದೆ. ಅವರ ಊರು ಗೌರಿಬಿದನೂರಿನ ಕಡೆ. ವಿದುರಾಶ್ವತ್ಥ ಅಲ್ಲಿಗೆ ಹತ್ತಿರ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಯಿತಲ್ಲ, ಅದೇ ತಿಂಗಳು 25ಕ್ಕೆ ವಿದುರಾಶ್ವತ್ಥದಲ್ಲೂ ಜನ ಸೇರಿದರು. ಸಭೆ ಸೇರಬಾರದು, ಬಾವುಟ ಹಾರಿಸಬಾರದು ಅಂತ ನಿಷೇಧ ಇತ್ತು. ಆಗಿನ ಬಾವುಟದ ನಡುವೆ ಚಕ್ರ ಇರಲಿಲ್ಲ, ಚರಕ ಇತ್ತು. ಗುಂಡು ಹಾರಿತು, ಅನೇಕ ಜನ ಸತ್ತರು. ಅಜ್ಜಿಯ ಅಪ್ಪ ಆ ಗುಂಪಿನಲ್ಲಿದ್ದರಂತೆ. ರಾತ್ರಿಯೆಲ್ಲ ತೋಪಿನಲ್ಲಿ ಅಡಗಿದ್ದು ಬೆಳಗಿನ ಜಾವ ಮನೆ ಸೇರಿದರಂತೆ. ಆಮೇಲೆ ಬದುಕಿರುವವರೆಗೂ ಆಗಸ್ಟ್ 15ರಂದು ಧ್ವಜ ನೋಡದೆ ನೀರು ಕುಡಿಯುತ್ತಿರಲಿಲ್ಲವಂತೆ. ಅಜ್ಜಿ ಹೇಳುವಾಗ ಅಳಿಯಂದಿರು ಪಕ್ಕದಲ್ಲೇ ನಿಂತು ಕೇಳುತ್ತಿದ್ದರು. ಅವರ ಕಣ್ಣು ತುಂಬಿತ್ತು. ಬಾಗಿಲಲ್ಲಿ ಜುಬ್ಬಾ ಹಾಕಿಕೊಂಡು ನಿಂತಿದ್ದವರು ಆ ಮನೆಯ ಮಗ. ಇದನ್ನು ನಿನಗೆ ಅವರು ಯಾವತ್ತಾದರೂ ಹೇಳಿದ್ದಾರಾ? ಇಲ್ಲದಿದ್ದರೆ ನೀನೇ ಕೇಳು.

ಅಳಿಯಂದಿರೇ, ನಿಮಗೂ ಒಂದು ಮಾತು. ನೀವು ದೇಶವನ್ನು ಪ್ರೀತಿಸುತ್ತೀರಿ, ಅದು ನನಗೆ ಗೊತ್ತು. ಆದರೆ ಹೆಂಡತಿಗೆ ಎಷ್ಟು ದೇಶಪ್ರೇಮ ಇದೆ ಅಂತ ಅಳೆಯಲು ಹೋಗಬೇಡಿ. ನಾನು ಅಳೆದು ಕೆಟ್ಟವಳು. ಮನೆಯಲ್ಲಿ ಶುರುವಾದ ಅಳತೆ ಮನೆಯಲ್ಲೇ ನಿಲ್ಲುವುದಿಲ್ಲ. 1994ರ ಆಗಸ್ಟ್ 15 ಹುಬ್ಬಳ್ಳಿಯಲ್ಲಿ ಹೇಗೆ ಕಳೆಯಿತು ಅಂತ ಇಲ್ಲಿಯ ಹಿರಿಯರನ್ನು ಕೇಳಿ ನೋಡಿ. ಈದ್ಗಾ ಮೈದಾನದಲ್ಲಿ ಧ್ವಜ ಹಾರಿಸುವ ವಿಚಾರಕ್ಕೆ ಗಲಾಟೆ, ಗೋಲಿಬಾರ್, ಕರ್ಫ್ಯೂ. ಜನ ಸತ್ತರು. ಸ್ವಾತಂತ್ರ್ಯದ ದಿನ ನಾವು ಬಾಗಿಲು ಹಾಕಿಕೊಂಡು, ಮಕ್ಕಳನ್ನು ಒಳಗೆ ಕೂರಿಸಿಕೊಂಡು ಕೂತಿದ್ದೆವು. ಯಾರು ಸರಿ, ಯಾರು ತಪ್ಪು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅವತ್ತು ಓಣಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಲು ಹೆದರುತ್ತಿದ್ದೆವು, ಅಷ್ಟನ್ನು ಮಾತ್ರ ಹೇಳುತ್ತೇನೆ. ಅದಕ್ಕೇ "ನಿನಗೆ ದೇಶ ಬೇಡವಾ" ಅನ್ನುವ ಪ್ರಶ್ನೆ ಎಲ್ಲಿ ಕೇಳಿದರೂ ನನಗೆ ಭಯವಾಗುತ್ತದೆ. ಗಂಡಹೆಂಡತಿಯ ನಡುವೆ ಕೇಳಿದರೂ ಅಷ್ಟೇ.

ನಮ್ಮಿಬ್ಬರಿಗೂ ಎಲ್ಲದರಲ್ಲೂ ಒಮ್ಮತ ಇದೆ ಅಂದುಕೊಳ್ಳಬೇಡಿ. 2002ರ ಜನವರಿ 26ಕ್ಕಿಂತ ಮೊದಲು ನಮ್ಮಂಥವರು ವರ್ಷವಿಡೀ ಮನೆಯ ಮೇಲೆ ಧ್ವಜ ಹಾರಿಸುವಂತಿರಲಿಲ್ಲ. ನಿಮ್ಮ ದೊಡ್ಡಪ್ಪನಿಗೆ ಅದೇ ಸರಿ. ಸರ್ಕಾರಿ ಕಚೇರಿಯ ಮೇಲೆ ಇರಲಿ, ಅದಕ್ಕೊಂದು ಬೆಲೆ ಇರುತ್ತದೆ ಅನ್ನುತ್ತಾರೆ. ನನಗೆ ಪ್ರತಿ ಮನೆಯ ಮೇಲೂ ಹಾರಬೇಕು ಅಂತ ಆಸೆ. ಈ ವಾದ ಇನ್ನೂ ಮುಗಿದಿಲ್ಲ. ಆಗಸ್ಟ್ 15ರ ಬೆಳಿಗ್ಗೆ ಅವರು ಟಿವಿಯಲ್ಲಿ ಕೆಂಪುಕೋಟೆಯ ಭಾಷಣ ಕೇಳುತ್ತ ಕೂರುತ್ತಾರೆ. ನಾನು ಶಿರಾ ಮಾಡಿಟ್ಟು ಬೆಂಗೇರಿಗೆ ಹೋಗುತ್ತೇನೆ. ಅವರನ್ನು ಕರೆಯುವುದಿಲ್ಲ. ಕೆಲವು ವರ್ಷ ಅವರಾಗಿಯೇ ಚಪ್ಪಲಿ ಮೆಟ್ಟಿಕೊಂಡು ಬರುತ್ತಾರೆ.

ಅಳಿಯಂದಿರು ತರಿಸಿದ ಬಾವುಟ ಪಾಲಿಯೆಸ್ಟರಿನದು ಅಂತ ನೀನು ಹೇಳಿದೆ. 2021ರ ಡಿಸೆಂಬರ್‌ನಲ್ಲಿ ನಿಯಮ ಬದಲಾಯಿತು. ಪಾಲಿಯೆಸ್ಟರ್‌ಗೂ ಮಷೀನಿನ ಬಟ್ಟೆಗೂ ಒಪ್ಪಿಗೆ ಸಿಕ್ಕಿತು. ಹಾಗಾಗಿ ಅದು ತಪ್ಪಲ್ಲ. ಆದರೂ ನನಗೆ ಬೇಜಾರಿದೆ. ಕೈಯಲ್ಲಿ ನೂತು ಕೈಮಗ್ಗದಲ್ಲಿ ನೇಯ್ದ ಬಾವುಟದ ಹಿಂದೆ ಎಷ್ಟೋ ಹೆಣ್ಣುಮಕ್ಕಳ ಅನ್ನ ಇದೆ. ನಿಯಮ ಬದಲಾದಾಗ ನನ್ನ ಜೊತೆ ಹೊಲಿಯುತ್ತಿದ್ದವರು ನಮ್ಮ ಮನೆಗೆ ಬಂದು ಮುಂದೇನು ಅಂತ ಚಿಂತೆ ಮಾಡಿದ್ದರು. ಮುಂದಿನ ಸಲ ಖಾದಿಯದೇ ಕೊಳ್ಳಿ, ಇದು ನನ್ನ ಕೋರಿಕೆ. ಸ್ವಲ್ಪ ದುಡ್ಡು ಜಾಸ್ತಿ ಆಗುತ್ತದೆ, ಪರವಾಗಿಲ್ಲ.

ಅದಕ್ಕೇ ಈ ಪತ್ರದ ಜೊತೆ ಒಂದು ಕಳಿಸಿದ್ದೇನೆ. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ, ನಿಮ್ಮ ಬಾಲ್ಕನಿಗೆ ಸಾಕು. ಜನವರಿ 26ಕ್ಕೆ ಕಟ್ಟಿರಿ. ನಿನಗೆ ಡ್ಯೂಟಿ ಇದ್ದರೆ ಅಳಿಯಂದಿರು ಬೆಳಿಗ್ಗೆ ಕಟ್ಟಲಿ, ನೀನು ನಿದ್ದೆ ಮಾಡು. ರಾತ್ರಿಯೂ ಹಾಗೇ ಬಿಡಬಹುದು ಅಂತ 2022ರಲ್ಲಿ ನಿಯಮ ಬಂದಿದೆ, ಆದರೂ ಸಂಜೆ ಇಳಿಸಿಬಿಡಿ. ಇಳಿಸುವಾಗ ನೀನು ಇರು. ಸೀರೆ ಮಡಚುವ ಹಾಗೆ ಇಬ್ಬರೂ ಆ ಕಡೆ ಈ ಕಡೆ ಹಿಡಿಯಿರಿ. ಕೇಸರಿ, ಹಸಿರು ಎರಡನ್ನೂ ಬಿಳಿಯ ಕೆಳಗೆ ಮಡಚಬೇಕು. ಆಮೇಲೆ ಎರಡೂ ತುದಿಯನ್ನು ಒಳಕ್ಕೆ ತಂದರೆ ಚಕ್ರ ಮೇಲೆ ಕಾಣುತ್ತದೆ, ಆಚೆ ಈಚೆ ಸ್ವಲ್ಪ ಕೇಸರಿ, ಸ್ವಲ್ಪ ಹಸಿರು. ನೆಲಕ್ಕೆ ತಾಗಬಾರದು. ಹರಿದುಹೋದರೆ ಕಸಕ್ಕೆ ಹಾಕಬೇಡಿ, ನನಗೆ ಕಳಿಸಿ. ಹೇಗೆ ಮರ್ಯಾದೆಯಿಂದ ಸುಡಬೇಕು ಅಂತ ನನಗೆ ಗೊತ್ತು.

ಪಾರ್ಸೆಲ್‌ನಲ್ಲಿ ಧಾರವಾಡ ಪೇಢೆಯೂ ಇದೆ, ಶೇಂಗಾ ಚಟ್ನಿಪುಡಿಯೂ ಇದೆ. ಪೇಢೆ ಬೇಗ ತಿಂದು ಮುಗಿಸಿ. ನಿಮ್ಮ ದೊಡ್ಡಪ್ಪ ಪಕ್ಕದಲ್ಲೇ ಕೂತು ಇದನ್ನೆಲ್ಲ ಓದಿದರು. ಬೂಟಿನ ವಿಷಯ ಯಾಕೆ ಬರೆದೆ ಅಂತ ಕೇಳಿದರು. ಇರಲಿ ಅಂದೆ. ದಸರೆಗೆ ಇಬ್ಬರೂ ಬನ್ನಿ, ನಿನಗೆ ರಜೆ ಸಿಗುತ್ತದೋ ಇಲ್ಲವೋ ಈಗಲೇ ಕೇಳಿಟ್ಟುಕೋ.

ಇಂತಿ ನಿನ್ನ
ದೊಡ್ಡವ್ವ