ಕಾರಣ ಸಾಬೀತು ಮಾಡಬೇಕಾದವರು ಯಾರು?

ಮಾನ್ಯ ಸಂಪಾದಕರೇ,

ಕಾರ್ಮಿಕರನ್ನು ಕಾನೂನುಬಾಹಿರವಾಗಿ ತೆಗೆದು ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟ ಕ್ವಾಂಟಸ್ ವಿಮಾನ ಕಂಪನಿಗೆ 2025ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ 9 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಎಲ್ಲರ ಕಣ್ಣೂ ಮೊತ್ತದ ಮೇಲೆ. ನಾವು ಗಮನಿಸಬೇಕಾದದ್ದು ಸಾರಿಗೆ ಕಾರ್ಮಿಕರ ಸಂಘ ಆ ಮೊಕದ್ದಮೆಯನ್ನು ಗೆದ್ದ ಬಗೆಯನ್ನು.

2020ರಲ್ಲಿ, ಕೋವಿಡ್‌ನಿಂದ ವಿಮಾನಗಳು ನಿಂತಿದ್ದಾಗ, 10 ನಿಲ್ದಾಣಗಳಲ್ಲಿ ಲಗೇಜು ಹೇರಿ ಇಳಿಸುವ, ವಿಮಾನ ಶುಚಿ ಮಾಡುವ 1,820 ಮಂದಿಯ ಕೆಲಸ ಹೊರಗಿನವರ ಪಾಲಾಯಿತು. ವರ್ಷಕ್ಕೆ ಸುಮಾರು 10 ಕೋಟಿ ಡಾಲರ್ ಉಳಿತಾಯವೆಂದು ಕಂಪನಿ ಹೇಳಿತು. ಉಳಿತಾಯ ಸುಳ್ಳೆಂದು ಕೋರ್ಟೂ ಹೇಳಲಿಲ್ಲ. ಆದರೆ 2021ರಲ್ಲಿ ವೇತನ ಮಾತುಕತೆ ಶುರುವಾಗಿ ಕಾರ್ಮಿಕರಿಗೆ ಮುಷ್ಕರದ ಹಕ್ಕು ಸಿಗುವುದಿತ್ತು. ಅದನ್ನು ತಪ್ಪಿಸುವುದೂ ಒಂದು ಕಾರಣವೇ ಎಂಬುದು ಪ್ರಶ್ನೆ.

ಅಲ್ಲಿನ 2009ರ ಫೇರ್ ವರ್ಕ್ ಕಾಯ್ದೆಯ 361ನೇ ಕಲಂ ಕೆಲಸಕ್ಕೆ ಬಂದದ್ದು ಇಲ್ಲಿ. ಇಂಥ ಕಾರಣಕ್ಕೆ ಕೆಲಸ ಕಿತ್ತುಕೊಂಡರೆಂದು ಕಾರ್ಮಿಕ ದೂರಿದರೆ, ಅದು ಕಾರಣವಾಗಿರಲಿಲ್ಲವೆಂದು ತೋರಿಸುವ ಹೊಣೆ ಮಾಲೀಕರದ್ದು. ತೀರ್ಮಾನ ತೆಗೆದುಕೊಂಡ ಅಧಿಕಾರಿಯೇ ಕಟಕಟೆ ಹತ್ತಿದರು. ಅವರ ಸಾಕ್ಷ್ಯ ನ್ಯಾಯಾಧೀಶರಿಗೆ ಸಾಕೆನಿಸಲಿಲ್ಲ. ‘ಹಕ್ಕು ಇನ್ನೂ ಹುಟ್ಟೇ ಇರಲಿಲ್ಲವಲ್ಲ’ ಎಂಬ ಕಂಪನಿಯ ವಾದವನ್ನು 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ತಳ್ಳಿಹಾಕಿತು: ನಾಳೆಯ ಹಕ್ಕಿಗೆ ಇಂದೇ ಬೇಲಿ ಹಾಕಿದರೂ ತಪ್ಪೇ.

ಗೆಲುವು ಪೂರ್ತಿಯದ್ದಲ್ಲ. ಯಾರನ್ನೂ ಮರಳಿ ಕೆಲಸಕ್ಕೆ ತೆಗೆದುಕೊಳ್ಳುವ ಆದೇಶ ಬರಲಿಲ್ಲ. ಹೇಗೂ ಇನ್ನೊಂದು ವರ್ಷದಲ್ಲಿ ಕಾನೂನುಬದ್ಧವಾಗಿಯೇ ಹೊರಗುತ್ತಿಗೆ ಆಗುತ್ತಿತ್ತೆಂದು ಎಣಿಸಿ, ಸಂಬಳ ನಷ್ಟವನ್ನು 12 ತಿಂಗಳಿಗೆ ಕಟ್ಟಿಹಾಕಲಾಯಿತು. ಪರಿಹಾರ 12 ಕೋಟಿ ಡಾಲರ್, ದಂಡ 9 ಕೋಟಿ. ಕೂಡಿದರೂ ಕಂಪನಿಯ ಲೆಕ್ಕದಲ್ಲಿ ಎರಡು ವರ್ಷದ ಉಳಿತಾಯ, ಅಷ್ಟೇ! ದಂಡದಲ್ಲಿ 5 ಕೋಟಿಯನ್ನು ಮೊಕದ್ದಮೆ ಹೂಡಿದ ಸಂಘಕ್ಕೇ ಕೊಡಿಸಿದ್ದು ಮಾತ್ರ ಮೆಚ್ಚತಕ್ಕದ್ದು. ಕೋರ್ಟಿಗೆ ಹೋದದ್ದು ಸರ್ಕಾರಿ ಇಲಾಖೆಯಲ್ಲ, ಸಂಘ.

ನಮ್ಮಲ್ಲಿ ಹೊಣೆ ತಿರುವುಮುರುವು. ಗುತ್ತಿಗೆ ನಿಷೇಧವಾದರೂ ಕಾರ್ಮಿಕರು ತಾನಾಗಿ ಖಾಯಂ ಆಗುವುದಿಲ್ಲ, ಗುತ್ತಿಗೆ ಬರೀ ಕಾಗದದ್ದೆಂದು ನ್ಯಾಯಮಂಡಳಿಯಲ್ಲಿ ಸಾಬೀತಾಗಬೇಕು ಎಂದು 2001ರ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನೇಮಿಸಿದ್ದು ಯಾರು, ರಜೆ ಕೊಡುವವರು ಯಾರು, ಪಾಳಿ ಹಾಕುವವರು ಯಾರು ಎಂಬುದಕ್ಕೆ ದಾಖಲೆ ಬೇಕು. ಹಾಜರಿ ಪುಸ್ತಕ, ಪಾಳಿ ಪಟ್ಟಿ, ಗೇಟ್ ರಿಜಿಸ್ಟರು ಇರುವುದೋ ಎದುರು ಪಕ್ಷದ ಬೀರುವಿನಲ್ಲಿ.

ಕೇಂದ್ರದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ 57ನೇ ಕಲಂ ಮುಖ್ಯ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರನ್ನು ಹಚ್ಚಬಾರದೆನ್ನುತ್ತದೆ. ಕೂಡಲೇ ವಿನಾಯಿತಿ: ಸಾಮಾನ್ಯವಾಗಿ ಗುತ್ತಿಗೆಯಲ್ಲೇ ನಡೆಯುವ ಕೆಲಸವಾದರೆ, ದಿನದ ಬಹುಪಾಲು ಹೊತ್ತು ಪೂರ್ಣಾವಧಿ ಕೆಲಸಗಾರರು ಬೇಡವಾದರೆ, ದಿಢೀರ್ ಕೆಲಸ ಹೆಚ್ಚಿದರೆ ಅಡ್ಡಿಯಿಲ್ಲ. ಮೊದಲನೆಯದೊಂದೇ ಸಾಕು, ಬಾಗಿಲು ಪೂರಾ ತೆರೆಯಲು.

ವಿನಾಯಿತಿ ಬೇಕೆನ್ನುವವರೇ ಅದಕ್ಕೆ ಅರ್ಹತೆಯನ್ನು ದಾಖಲೆ ಸಮೇತ ತೋರಿಸಲಿ ಎಂಬ ಒಂದು ವಾಕ್ಯ ಸೇರಿಸಬೇಕು. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ರಾಷ್ಟ್ರಪತಿಗಳ ಅಂಕಿತ ಪಡೆದು ಕರ್ನಾಟಕವೇ ಇದನ್ನು ತರಬಹುದು.

ಇಂತಿ,
ಒಬ್ಬ ಓದುಗ, ಬೆಂಗಳೂರು