ಕೆರೆ ನೀರಿನ ಲೆಕ್ಕ ಊರಿನ ಯುವಜನರಿಗೆ ಕೊಡಿ

ಮಾನ್ಯರೇ,

ಹವಾಮಾನ ಬದಲಾವಣೆಯ ಕೆಲಸಕ್ಕೆ ಹಳ್ಳಿಯ ಯುವಜನರು ಬರಬೇಕು ಎಂದು ಎಲ್ಲರೂ ಹೇಳುತ್ತಾರೆ. ಬಂದವರಿಗೆ ಕೊಡುವ ಕೆಲಸ ಯಾವುದು? ಹೆಚ್ಚಿನ ಕಡೆ ಜೂನ್ 5ಕ್ಕೆ ಒಂದು ಸಸಿ ನೆಡುವುದು, ಅಷ್ಟೇ.

ನಾನು ಕೋಲಾರ ತಾಲ್ಲೂಕಿನವಳು. ಈಗ ಕೆ.ಆರ್. ಪುರದಲ್ಲಿದ್ದು, ನೀರು ಪರೀಕ್ಷಿಸುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಮಳೆಯನ್ನು ನಂಬುವ ಹಾಗಿಲ್ಲ. 2023ರಲ್ಲಿ ರಾಜ್ಯದ 200ಕ್ಕೂ ಜಾಸ್ತಿ ತಾಲ್ಲೂಕುಗಳಿಗೆ ಬರ ಬಂತು. ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಬಂತು, ಸುಳ್ಳಲ್ಲ. ಆದರೆ ಅದೇ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟ್‌ ಮೆಟ್ಟಿಲೇರಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ರೈತರು ಕೇಳುತ್ತಲೇ ಇದ್ದಾರೆ.

ಈ ನೀರು ಹೇಗಿದೆ ಅಂತ ತಿಂಗಳು ತಿಂಗಳು ನೋಡುವವರು ಊರಲ್ಲೇ ಇರಬೇಕು ಅಲ್ವಾ? ಹಿಂದೆ ನೀರುಗಂಟಿಗಳಿದ್ದರು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ನೀರು ಅನ್ನುವುದು, ಎಲ್ಲ ಅವರದೇ ಲೆಕ್ಕ. ಸುಗ್ಗಿಯಲ್ಲಿ ಊರು ಅವರಿಗೆ ಕಾಳು ಅಳೆದು ಕೊಡುತ್ತಿತ್ತು. ಆ ಜಾಗಕ್ಕೆ ಈಗ ಪಿಯುಸಿ, ಬಿ.ಎಸ್ಸಿ. ಓದಿದ ಹುಡುಗ ಹುಡುಗಿಯರು ಬರಲಿ. ಕೊಳವೆಬಾವಿಯ ನೀರಿನ ಮಟ್ಟ ಅಳೆಯುವುದು, ಮಳೆ ಎಷ್ಟಾಯಿತೆಂದು ಬರೆದಿಡುವುದು, ಪಿಎಚ್ (ನೀರಿನ ಹುಳಿ–ಕ್ಷಾರದ ಅಳತೆ), ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಪ್ರಮಾಣ), ನೈಟ್ರೇಟ್‌ಗಳನ್ನು ಕಿಟ್‌ನಲ್ಲಿ ನೋಡುವುದು ಕಷ್ಟವೇನಲ್ಲ. ಸೀಸ, ಕ್ಯಾಡ್ಮಿಯಂನಂಥ ಲೋಹಗಳಿಗೆ ಲ್ಯಾಬ್ ಬೇಕೇ ಬೇಕು. ಅದಕ್ಕೂ ಬಾಟಲಿಯಲ್ಲಿ ಸರಿಯಾಗಿ ನೀರು ಹಿಡಿದು, ದಿನಾಂಕ ಬರೆದು ಕಳಿಸುವವರು ಬೇಕು. ಮಾದರಿ ಕೆಟ್ಟರೆ ಎಂಥ ಮಷಿನ್ ಇದ್ದರೂ ಪ್ರಯೋಜನವಿಲ್ಲ. ಬಂದ ಫಲಿತಾಂಶವನ್ನು ಪಂಚಾಯಿತಿ ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಲಿ.

ಇದನ್ನು ಸುಮ್ನೆ ಸೇವೆ ಅಂತ ಮಾಡಿಸಬೇಡಿ, ಸಂಬಳ ಕೊಡಿ. ನಮ್ಮ ಕಡೆಯ ಹುಡುಗರು ಬೆಳಗಿನ ರೈಲಿನಲ್ಲಿ ಜೋತಾಡಿಕೊಂಡು ವೈಟ್‌ಫೀಲ್ಡ್‌ಗೆ ಬರುವುದು ಊರು ಬೇಡವಾಗಿ ಅಲ್ಲ, ಊರಲ್ಲಿ ದುಡಿಮೆ ಇಲ್ಲದೆ. ಗ್ರಾಮಸಭೆಯನ್ನೂ ಭಾನುವಾರ ಇಡಿ. ಕೆಲಸದ ದಿನ ಬೆಳಿಗ್ಗೆ ಕರೆದರೆ ಅವರು ಬರುವುದು ಹೇಗೆ?

ಇನ್ನು ಖರ್ಚಿನ ಮಾತು. ಬೆಂಗಳೂರಿನಲ್ಲಿರುವ ನಾವು ಬಳಸಿ ಬಿಟ್ಟ ನೀರು ಅದು. ಅದರ ಪರೀಕ್ಷೆಯ ಖರ್ಚಿನಲ್ಲಿ ಬೆಂಗಳೂರು ಪಾಲು ಕೊಡಬೇಕು. ಜಲಮಂಡಳಿ ಮತ್ತು ಸಣ್ಣ ನೀರಾವರಿ ಇಲಾಖೆ ಕೂತು ಮಾತಾಡಿ, ಮುಂದಿನ ಮಳೆಗಾಲದೊಳಗೆ ಐದಾರು ಕೆರೆಗಳಲ್ಲಾದರೂ ಶುರು ಮಾಡಲಿ.

– ಎಲ್.ಎಸ್., ಕೆ.ಆರ್. ಪುರ, ಬೆಂಗಳೂರು