ಫೇಸರ್: ಸೂತ್ರದ ಜೊತೆಗೆ ಷರತ್ತನ್ನೂ ಕಲಿಸಲಿ

ಮಾನ್ಯ ಸಂಪಾದಕರಿಗೆ,

ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ತಿರುಗುವ ಬಾಣದ ರೂಪದಲ್ಲಿ ಪರಿಚಯವಾಗುವ ಫೇಸರ್ (ಒಂದೇ ಆವೃತ್ತಿಯ ಎ.ಸಿ. ಅಲೆಯ ಎತ್ತರವನ್ನೂ ಫೇಸನ್ನೂ, ಅಂದರೆ ಅಲೆ ಎಷ್ಟು ಮುಂದೆ-ಹಿಂದೆ ಇದೆ ಎಂಬುದನ್ನೂ, ಹಿಡಿದಿಡುವ ಸಂಮಿಶ್ರ ಸಂಖ್ಯೆ), ಎಂಜಿನಿಯರಿಂಗ್ ತರಗತಿಯನ್ನು ತಲುಪುವಷ್ಟರಲ್ಲಿ ‘ಅವಕಲನ ಬಂದಲ್ಲಿ ಜೆ ಒಮೆಗಾದಿಂದ ಗುಣಿಸಿ’ ಎಂಬ ಒಂದು ಸಾಲಿನ ಸೂತ್ರವಾಗಿಬಿಡುತ್ತದೆ. ಇಲ್ಲಿ ಅವಕಲನವೆಂದರೆ ಬದಲಾವಣೆಯ ದರ ಕಂಡುಹಿಡಿಯುವ ಕ್ರಿಯೆ, ಜೆ ಎಂದರೆ ಮೈನಸ್ ಒಂದರ ವರ್ಗಮೂಲ, ಒಮೆಗಾ ಎಂದರೆ ಆವೃತ್ತಿಯ 2π ಪಟ್ಟು. ಮಡಿಕೇರಿಯಲ್ಲಿ ನನ್ನ ಬಳಿ ಪಾಠ ಹೇಳಿಸಿಕೊಳ್ಳಲು ಬರುವ ವಿದ್ಯಾರ್ಥಿಗಳು ಈ ಸೂತ್ರ ಹಿಡಿದು ಲೆಕ್ಕವನ್ನು ಚಕಚಕನೆ ಬಿಡಿಸುತ್ತಾರೆ. ಅದು ಎಲ್ಲಿಂದ ಬಂತು, ಎಲ್ಲಿ ಸಲ್ಲದು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಪ್ರಶ್ನೆಪತ್ರಿಕೆ ಅದನ್ನು ಕೇಳುವುದೇ ಇಲ್ಲವಾದ್ದರಿಂದ ಅವರನ್ನು ದೂರಿ ಫಲವಿಲ್ಲ.

ಕೊಸೈನ್ ಅಲೆಯನ್ನು ಅವಕಲಿಸಿದರೆ ಸಿಗುವುದು ಅದೇ ಆವೃತ್ತಿಯ ಇನ್ನೊಂದು ಅಲೆ. ಅದರ ಪಾರ (ಅಲೆಯ ಗರಿಷ್ಠ ಎತ್ತರ) ಒಮೆಗಾ ಪಟ್ಟು ಆಗಿರುತ್ತದೆ, ಫೇಸ್ 90 ಡಿಗ್ರಿ ಮುಂದಕ್ಕೆ ಸರಿದಿರುತ್ತದೆ. ಸಂಮಿಶ್ರ ಸಂಖ್ಯೆಯೊಂದನ್ನು ಜೆಯಿಂದ ಗುಣಿಸುವುದೆಂದರೆ 90 ಡಿಗ್ರಿ ತಿರುಗಿಸುವುದೇ ಆದ್ದರಿಂದ ಎರಡೂ ಕೆಲಸ ಒಂದೇ ಗುಣಾಕಾರದಲ್ಲಿ ಮುಗಿಯುತ್ತವೆ. 1893ರಲ್ಲಿ ಷಿಕಾಗೊದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ವಿದ್ಯುತ್ ಎಂಜಿನಿಯರ್ ಸ್ಟೈನ್‌ಮೆಟ್ಸ್ ಎ.ಸಿ. ಲೆಕ್ಕಗಳಿಗೆ ಸಂಮಿಶ್ರ ಸಂಖ್ಯೆಗಳ ಬಳಕೆಯನ್ನು ಮಂಡಿಸಿದ್ದರ ಲಾಭ ಇದೇ: ಅವಕಲನ ಸಮೀಕರಣ ಬೀಜಗಣಿತಕ್ಕೆ ಇಳಿಯಿತು.

ಕೆಪ್ಯಾಸಿಟರಿನ ಕರೆಂಟು ವೋಲ್ಟೇಜಿನ ಅವಕಲನವನ್ನು ಅನುಸರಿಸುತ್ತದೆ. ಆದ್ದರಿಂದ ಸೀಲಿಂಗ್ ಫ್ಯಾನಿನ 2.5 ಮೈಕ್ರೊಫ್ಯಾರಡ್ ಕೆಪ್ಯಾಸಿಟರನ್ನು ಬಿಡಿಯಾಗಿ 230 ವೋಲ್ಟ್, 50 ಹರ್ಟ್ಸ್ ಲೈನಿಗೆ ಜೋಡಿಸಿದರೆ, ಒಮೆಗಾ ಸುಮಾರು 314 ಆಗಿ, ಸುಮಾರು 0.18 ಆಂಪಿಯರ್ ಕರೆಂಟು ವೋಲ್ಟೇಜಿಗಿಂತ 5 ಮಿಲಿಸೆಕೆಂಡ್ ಮುಂದಾಗಿ ಹರಿಯುತ್ತದೆ ಎಂದು ಸೂತ್ರ ಹೇಳುತ್ತದೆ. ಅಲ್ಲಿಯವರೆಗೆ ಸರಿ. ಆದರೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದಾಗ ನಮ್ಮ ಅನೇಕ ಮನೆಗಳು ನಡೆಯುವುದು ಇನ್ವರ್ಟರಿನ ಮೇಲೆ. ಅಗ್ಗದ ಇನ್ವರ್ಟರ್ ಕೊಡುವುದು ಸೈನ್ ಅಲೆಯನ್ನಲ್ಲ, ಚೌಕ ಅಲೆಯನ್ನು. ಚೌಕ ಅಲೆಯಲ್ಲಿ 50 ಹರ್ಟ್ಸಿನ ಜೊತೆಗೆ ಅದರ ಮೂರನೇ ಒಂದರಷ್ಟು ಪಾರದ 150 ಹರ್ಟ್ಸ್ ಅಲೆ, ಐದನೇ ಒಂದರಷ್ಟು ಪಾರದ 250 ಹರ್ಟ್ಸ್ ಅಲೆ, ಹೀಗೆ ಬೆಸ ಗುಣಕಗಳೆಲ್ಲ ಬೆರೆತಿರುತ್ತವೆ. ವೋಲ್ಟೇಜು ಮೂರನೇ ಒಂದಾದರೂ ಒಮೆಗಾ ಮೂರು ಪಟ್ಟಾಗುವುದರಿಂದ, ಅದೇ ಕೆಪ್ಯಾಸಿಟರಿನಲ್ಲಿ 150 ಹರ್ಟ್ಸಿನ ಕರೆಂಟು ಮೂಲ ಅಲೆಯ ಕರೆಂಟಿಗೆ ಸರಿಸಮವಾಗಿ ನಿಲ್ಲುತ್ತದೆ! ಇಲ್ಲಿ ಒಂದೇ ಫೇಸರ್ ಬರೆದು ಉತ್ತರ ಕಂಡುಕೊಂಡವನ ಲೆಕ್ಕ ಪೂರ್ತಿ ಹಳಿ ತಪ್ಪುತ್ತದೆ. ಪ್ರತಿಯೊಂದು ಆವೃತ್ತಿಗೂ ಬೇರೆ ಫೇಸರ್ ಬೇಕು, ಮತ್ತು ಕೊನೆಗೆ ಕೂಡಿಸಬೇಕಾದದ್ದು ಆಯಾ ಕ್ಷಣದ ಅಲೆಗಳನ್ನೇ ಹೊರತು ಫೇಸರ್‌ಗಳನ್ನಲ್ಲ.

ಸ್ವಿಚ್ ಹಾಕಿದ ಮರುಕ್ಷಣದ ಏರುಪೇರಿನ ಬಗೆಗೂ ಈ ಸೂತ್ರ ಏನನ್ನೂ ಹೇಳಲಾರದು. ಅಲ್ಲಿ ಮೂಲ ಅವಕಲನ ಸಮೀಕರಣಕ್ಕೇ ಮರಳಬೇಕು.

ಆದ್ದರಿಂದ ಪಠ್ಯಕ್ರಮ ರೂಪಿಸುವವರು, ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಬೆಲೆ ಕಂಡುಹಿಡಿಯುವ ಹತ್ತು ಲೆಕ್ಕಗಳ ನಡುವೆ ಒಂದನ್ನಾದರೂ ಬದಲಿಸಿ, ಈ ಗುಣಾಕಾರವನ್ನು ಸಾಧಿಸಿ ತೋರಿಸುವಂತೆ ಮತ್ತು ಅದು ಅನ್ವಯಿಸದ ಒಂದು ವಿದ್ಯುತ್ ಮಂಡಲವನ್ನು ಹೆಸರಿಸುವಂತೆ ಕೇಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಪಾಠಕ್ಕೆ ಹೆಚ್ಚೆಂದರೆ ಒಂದು ತರಗತಿಯ ಹೊತ್ತು ತಗಲೀತು.

– ನಿವೃತ್ತ ಉಪನ್ಯಾಸಕ, ಮಡಿಕೇರಿ